ಗಾಡಿಗೆ ಗಾಲಿ ಇದೆ, ವ್ಯಾಪಾರಕ್ಕಿಲ್ಲ

ಶಿವಮೊಗ್ಗದ ವಿನೋಬನಗರದ ಕಡೆ ನಾನು ವಾರಕ್ಕೆರಡು ಸಲವಾದರೂ ಮಿರ್ಚಿ ತಿನ್ನುವ ಗಾಡಿಯೊಂದಿದೆ. ನಡೆಸುವವರು ಒಬ್ಬ ಹೆಂಗಸು. ಎಲ್ಲರೂ ಅಕ್ಕ ಅಂತಾರೆ, ನಾನೂ ಹಾಗೇ ಕರೆಯೋದು. ಹೋದ ವರ್ಷ ಒಂದು ಸಂಜೆ ಹೋದರೆ ಗಾಡಿ ಇಲ್ಲ. ಮರುದಿನವೂ ಇಲ್ಲ. ಹುಷಾರು ತಪ್ಪಿರಬೇಕು ಅಂದುಕೊಂಡೆ. ಎರಡು ವಾರ ಕಳೆದ ಮೇಲೆ ನೋಡಿದರೆ ಅದೇ ಲೈಟ್ ಕಂಬ, ಅದೇ ಬಾಣಲೆ, ಅದೇ ನೀಲಿ ಟಾರ್ಪಾಲು.

“ಎಲ್ಲಿಗೆ ಹೋಗಿದ್ರಿ ಅಕ್ಕ?”

“ಎಲ್ಲಿಗೂ ಇಲ್ಲ ಸಾರ್, ಇಲ್ಲೇ ಹಿಂದಿನ ರಸ್ತೇಲಿದ್ದೆ. ಇಲ್ಲಿ ಬೇಡ, ಅಲ್ಲಿ ಹಾಕ್ಕೊಳ್ಳಿ ಅಂದ್ರು. ಜಾಗ ಐತೆ, ಲೈಟ್ ಐತೆ, ನಲ್ಲಿನೂ ಐತೆ. ಜನ ಮಾತ್ರ ಇಲ್ಲ.”

ಹಿಂದಿನ ರಸ್ತೆ ಅಂದರೆ ದೂರ ಏನಲ್ಲ. ಹೆಚ್ಚೆಂದರೆ ಮುನ್ನೂರು ಹೆಜ್ಜೆ. ಆದರೆ ನಾನೇ ಎರಡು ವಾರ ಆ ಮುನ್ನೂರು ಹೆಜ್ಜೆ ನಡೆದು ಹುಡುಕಲಿಲ್ಲ. ಮಿರ್ಚಿ ಇಷ್ಟ ಅಂತ ಹೇಳಿಕೊಳ್ಳುವವನು ನಾನು! ಕಂಬದ ಕೆಳಗೆ ಕಾಣಲಿಲ್ಲ, ಮನೆಗೆ ಹೋದೆ, ಟೀ ಕುಡಿದೆ, ಮುಗೀತು. ಅಕ್ಕನ ಉಳಿದ ಗಿರಾಕಿಗಳೂ ಹೀಗೇ ಮಾಡಿರುತ್ತಾರೆ.

ಬೀದಿಬದಿ ತಿಂಡಿ ಗಾಡಿಗಳನ್ನು ಎಬ್ಬಿಸುವ ಸುದ್ದಿ ಯಾವ ಊರಿಂದ ಬಂದರೂ ಒಂದು ಮಾತು ತಪ್ಪದೆ ಬರುತ್ತದೆ, ಗಾಡಿ ತಾನೇ, ಆ ಕಡೆ ತಳ್ಳಿಕೊಂಡು ಹೋದರಾಯ್ತು ಅಂತ. ಕೇಳೋಕೆ ಸರಿ ಅನ್ನಿಸುತ್ತದೆ. ಗಾಲಿ ಇದೆಯಲ್ಲ. ನನಗೆ ಈ ವಿಷಯದ ಎಲ್ಲ ಗೊಂದಲವೂ ಆ ಗಾಲಿಯಲ್ಲೇ ಇದೆ ಅನ್ನಿಸುತ್ತದೆ. ಗಾಡಿ ತಳ್ಳಬಹುದು, ವ್ಯಾಪಾರ ತಳ್ಳೋಕೆ ಆಗಲ್ಲ.

ಒಂದು ಸಂಜೆ ಸುಮ್ನೆ ನಿಂತು ನೋಡಿ, ಯಾರು ಬರ್ತಾರೆ ಅಂತ. ಐದು ಗಂಟೆಗೆ ಟ್ಯೂಷನ್‌ಗೆ ಹೋಗುವ ಮಕ್ಕಳು, ಹತ್ತು ರೂಪಾಯಿಗೆ ಏನು ಬರುತ್ತೆ ಅಂತ ಕೇಳಿಕೊಂಡು. ಆರಕ್ಕೆ ಆಫೀಸ್ ಬಿಟ್ಟವರು. ಅದಾದ ಮೇಲೆ ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಿಂದ ಬಸ್ಸಿಳಿಯುವ ಹೆಣ್ಣುಮಕ್ಕಳು. ಇವರು ನಿಂತು ತಿನ್ನುವುದು ಕಡಿಮೆ, ಪಾರ್ಸೆಲ್ ಕಟ್ಟಿಸಿಕೊಳ್ಳುವುದು ಜಾಸ್ತಿ. ಮನೆಗೆ ಹೋಗಿ ಇನ್ನೂ ಅಡುಗೆ ಮಾಡಬೇಕು, ಅಷ್ಟರೊಳಗೆ ಮಕ್ಕಳ ಬಾಯಿಗೆ ಏನಾದರೂ ಬೇಕು. ಎಂಟರ ಮೇಲೆ ರೂಮು ಮಾಡಿಕೊಂಡಿರುವ ಹುಡುಗರು, ಅವರಿಗೆ ಇದೇ ಊಟ. ಇವರಲ್ಲಿ ಒಬ್ಬರೂ ಮಿರ್ಚಿ ತಿನ್ನಲಿಕ್ಕೆ ಅಂತಲೇ ಮನೆಯಿಂದ ಹೊರಟವರಲ್ಲ. ಎಲ್ಲಿಗೋ ಹೋಗುವಾಗ, ಎಲ್ಲಿಂದಲೋ ಬರುವಾಗ, ಕಾಲು ಒಂದು ನಿಮಿಷ ನಿಲ್ಲುವ ಜಾಗ ಅದು. ಆ ನಿಮಿಷದಲ್ಲಿ ಮೂಗಿಗೆ ಓಮದ ವಾಸನೆ ಬಡಿಯಬೇಕು. ಬಂಡವಾಳ ಅಂದರೆ ಅದೇ.

ಅಕ್ಕನ ಕೈ ನೋಡೋದೇ ಒಂದು ಚೆಂದ. ಮೆಣಸಿನಕಾಯಿಯ ಹೊಟ್ಟೆ ಸೀಳಿ, ಒಳಗೆ ಓಮ, ಉಪ್ಪು, ಹುಣಸೆ ಅರೆದದ್ದು ಸವರಿ ಮೊದಲೇ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ತೊಟ್ಟು ಹಿಡಿದು ಕಡಲೆ ಹಿಟ್ಟಿನಲ್ಲಿ ಮುಳುಗಿಸಿ, ಎತ್ತುವಾಗ ಪಾತ್ರೆಯ ಅಂಚಿಗೆ ಒಂದು ಮಗ್ಗುಲನ್ನು ಒರೆಸಿಬಿಡುತ್ತಾರೆ. ಆ ಮಗ್ಗುಲಲ್ಲಿ ಹಸಿರು ಕಾಣಬೇಕು. ಇಲ್ಲದಿದ್ದರೆ ಹಿಟ್ಟು ದಪ್ಪವಾಗಿ ಒಳಗಿನ ಕಾಯಿ ಬೇಯೋದಿಲ್ಲ. ಪಕ್ಕದಲ್ಲಿ ಮಂಡಕ್ಕಿ: ಒಗ್ಗರಣೆ, ಈರುಳ್ಳಿ, ಟೊಮೆಟೊ, ಮೇಲೆ ಹುರಿಗಡಲೆ ಪುಡಿ. ಶಿವಮೊಗ್ಗ ಮಲೆನಾಡಿನ ಬಾಗಿಲು ಅಂತೇವೆ, ಆದರೆ ಸಂಜೆ ಐದರ ಮೇಲೆ ನಮ್ಮ ನಾಲಿಗೆ ಪೂರ್ತಿ ಬಯಲುಸೀಮೆ. ಕಡುಬು, ಅಕ್ಕಿ ರೊಟ್ಟಿ ಮನೆಯಲ್ಲಿ. ಬೀದಿಯಲ್ಲಿ ದಾವಣಗೆರೆಯೇ ಗೆದ್ದಿದೆ.

ಜಾಗ ಹೋದರೆ ವ್ಯಾಪಾರ ಹೋಗುತ್ತದೆ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಸಿಗಂದೂರಿಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ರಜೆ ದಿನ ಗಂಟೆಗಟ್ಟಲೆ. ಕಾಯುವ ಜನ ಇದ್ದಲ್ಲಿ ಟೀ, ಮಂಡಕ್ಕಿ, ಮಾವಿನಕಾಯಿ ಹೋಳು, ಬೇಯಿಸಿದ ಜೋಳ ಎಲ್ಲ ತಾನಾಗಿಯೇ ಬರುತ್ತವೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಶರಾವತಿ ಹಿನ್ನೀರಿನಾಚೆಯ ಜನ ದಶಕಗಳ ಕಾಲ ಕೇಳಿದ ಸೇತುವೆ ಅದು, ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಕಾರು ನಿಲ್ಲೋದಿಲ್ಲ. ಕಾರು ನಿಲ್ಲದಿದ್ದರೆ ಮಂಡಕ್ಕಿ ಕಲಸಿ ಏನು ಮಾಡೋದು? ಜೋಗದಲ್ಲೂ ಅಷ್ಟೇ, 2025ರ ಜನವರಿಯಿಂದ ಕೆಲವು ತಿಂಗಳು ಕಾಮಗಾರಿಗಾಗಿ ಪ್ರವಾಸಿಗರನ್ನು ಒಳಗೆ ಬಿಡುತ್ತಿರಲಿಲ್ಲ. ಗೇಟು ಮುಚ್ಚಿದರೆ ಜಲಪಾತಕ್ಕೇನೂ ಆಗಲ್ಲ. ಅದನ್ನು ನೋಡಲು ಬರುವವರ ಹಸಿವನ್ನು ನಂಬಿಕೊಂಡವರಿಗೆ ಆಗುತ್ತದೆ.

ಈಗ ಕಾನೂನಿಗೆ ಬರೋಣ. ಬೀದಿಬದಿ ವ್ಯಾಪಾರಿಗಳಿಗೆ ಅಂತಲೇ ದೇಶದಲ್ಲಿ ಒಂದು ಕಾಯ್ದೆ ಇದೆ, 2014ರ ಮೇ 1ರಿಂದ ಜಾರಿಯಲ್ಲಿದೆ. ಇದನ್ನು ಓದಿದರೆ ಆಶ್ಚರ್ಯ ಆಗುತ್ತದೆ, ಏಕೆಂದರೆ ಅಕ್ಕ ಹೇಳಿದ ವಿಷಯವೇ ಅದರಲ್ಲಿದೆ. ಕೊಳ್ಳುವವರು, ಮಾರುವವರು ಬಹಳ ಕಾಲದಿಂದ ತಾವಾಗಿಯೇ ಸೇರುವ ಜಾಗವನ್ನು ಕಾಯ್ದೆ ಸಹಜ ಮಾರುಕಟ್ಟೆ ಅಂತ ಕರೆಯುತ್ತದೆ. ಸರ್ವೆಯಲ್ಲಿ ಗುರುತಿಸಿದ ಅಂಥ ಜಾಗವನ್ನು ವ್ಯಾಪಾರ ನಿಷಿದ್ಧ ಪ್ರದೇಶ ಅಂತ ಘೋಷಿಸುವ ಹಾಗಿಲ್ಲ. ಐವತ್ತು ವರ್ಷಕ್ಕಿಂತ ಹಳೆಯ ಸಹಜ ಮಾರುಕಟ್ಟೆಯಾದರೆ ಅದು ಪಾರಂಪರಿಕ ಮಾರುಕಟ್ಟೆ, ಅಲ್ಲಿನವರನ್ನು ಸ್ಥಳಾಂತರ ಮಾಡುವಂತೆಯೇ ಇಲ್ಲ. ನಮ್ಮೂರಿನ ಗಾಂಧಿ ಬಜಾರಿನ ಆಸುಪಾಸನ್ನು ಈ ಕಣ್ಣಿನಿಂದ ನೋಡಿದರೆ ಏನೇನು ಕಾಣಬಹುದು ಅಂತ ನೀವೇ ಯೋಚಿಸಿ.

ಇನ್ನೂ ಇದೆ. ಊರಿನ ಎಲ್ಲ ವ್ಯಾಪಾರಿಗಳ ಸರ್ವೆ ಮುಗಿದು, ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಇದನ್ನೆಲ್ಲ ನೋಡಿಕೊಳ್ಳಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು.

ಎಷ್ಟು ಜನರಿಗೆ ಜಾಗ ಕೊಡಬೇಕು ಅನ್ನೋದಕ್ಕೂ ಲೆಕ್ಕ ಇದೆ. ಜನಸಂಖ್ಯೆಯ ಶೇ 2.5ರವರೆಗೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನ 3,22,650. ಅದರ ಶೇ 2.5 ಅಂದರೆ ಎಂಟು ಸಾವಿರ ಚಿಲ್ಲರೆ. ಹದಿನೈದು ವರ್ಷದಲ್ಲಿ ಊರು ಬೆಳೆದಿದೆ, ಲೆಕ್ಕವೂ ಬೆಳೆದಿರುತ್ತದೆ. ಇಷ್ಟು ಜನ ಹೂವು, ಹಣ್ಣು, ತರಕಾರಿ, ಚಪ್ಪಲಿ, ತಿಂಡಿ ಎಲ್ಲ ಸೇರಿಸಿ. ಬಿ.ಎಚ್. ರಸ್ತೆಯಲ್ಲಿ ಸಂಜೆ ನಡೆದರೆ ಗಾಡಿಗಳು ಬಹಳ ಆದವು ಅನ್ನಿಸಬಹುದು. ಆದರೆ ಕಾಯ್ದೆ ಬರೆದವರು ಅದಕ್ಕಿಂತ ಜಾಸ್ತಿ ಜನರನ್ನು ಲೆಕ್ಕಕ್ಕೆ ಹಿಡಿದಿದ್ದರು ಅಂತ ನನಗನ್ನಿಸುತ್ತದೆ.

ಸರ್ವೆ ಅನ್ನೋದರಲ್ಲೂ ಒಂದು ತಮಾಷೆ ಇದೆ. ಸರ್ಕಾರಿ ಕೆಲಸದ ಹೊತ್ತು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಬೆಳಿಗ್ಗೆ ಇಡ್ಲಿ ಗಾಡಿಯವನು ಹತ್ತಕ್ಕೆ ಪಾತ್ರೆ ತೊಳೆದು ಹೊರಟಿರುತ್ತಾನೆ. ಸಂಜೆಯವರು ಬರೋದು ನಾಲ್ಕೂವರೆ ಮೇಲೆ. ಹನ್ನೊಂದು ಗಂಟೆಗೆ ಪಟ್ಟಿ ಹಿಡಿದು ಬಂದರೆ ಆ ಕಂಬದ ಕೆಳಗೆ ಕಾಣೋದು ಯಾರದೋ ಬೈಕು. ತಿಂಡಿ ವ್ಯಾಪಾರ ಜಾಗಕ್ಕೆ ಎಷ್ಟು ಅಂಟಿಕೊಂಡಿದೆಯೋ ಹೊತ್ತಿಗೂ ಅಷ್ಟೇ ಅಂಟಿಕೊಂಡಿದೆ. ಎರಡರಲ್ಲಿ ಒಂದು ತಪ್ಪಿದರೂ ಆ ಗಾಡಿ ಲೆಕ್ಕಕ್ಕೆ ಸಿಗೋದಿಲ್ಲ.

ಇನ್ನು ಸುಂಕ. ರಾಜ್ಯದ ಎಷ್ಟೋ ಊರುಗಳಲ್ಲಿ ಸ್ಥಳೀಯ ಸಂಸ್ಥೆಗಳು ಸಂತೆ ಸುಂಕ, ನೆಲಬಾಡಿಗೆ ವಸೂಲಿಯನ್ನು ಹರಾಜಿಗೆ ಹಾಕುತ್ತವೆ. ಹರಾಜು ಹಿಡಿದವನ ಕಡೆಯವರು ದಿನಾ ಬಂದು ಚೀಟಿ ಹರಿದು ದುಡ್ಡು ತಗೊಂಡು ಹೋಗುತ್ತಾರೆ. ಸೋಮವಾರ ಸುಂಕ ತಗೊಂಡ ನೆಲ ಗುರುವಾರ ಒತ್ತುವರಿ ಆಗೋದು ಹೇಗೆ? ಈ ಪ್ರಶ್ನೆಗೆ ಉತ್ತರ ಕೇಳಿದರೆ ಅದು ಬೇರೆ ವಿಭಾಗ ಸ್ವಾಮಿ ಅಂತಾರೆ.

ಕಾಗದ ಇಲ್ಲದಿದ್ದರೆ ಜಾಗ ಯಾರ ಕೈಯಲ್ಲಿ ಇರುತ್ತದೋ ಅವರ ಮರ್ಜಿ. ಅದು ಪಕ್ಕದ ಅಂಗಡಿಯವನಾಗಬಹುದು, ಹರಾಜು ಹಿಡಿದವನಾಗಬಹುದು, ಇನ್ನೊಂದು ಗುಂಪಾಗಬಹುದು. 2022ರ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲ ಅಂದದ್ದು ಇಡೀ ರಾಜ್ಯಕ್ಕೆ ಸುದ್ದಿಯಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು, ಅದಕ್ಕೆ ಅಂತಲೇ ಸಾಮಾನು ಕೂಡಿಸಿಟ್ಟುಕೊಳ್ಳುವವರಿದ್ದಾರೆ. ನನಗೆ ಆಗ ಬೇಜಾರಾಗಿತ್ತು, ಈಗಲೂ ಇದೆ.

ಹಾಗಂತ ಗಾಡಿಯವರದ್ದೇ ಸರಿ, ನಡೆಯುವವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ವಯಸ್ಸಾದವರನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಫುಟ್‌ಪಾತ್ ತುಂಬ ಗಾಡಿ ನಿಂತಿದ್ದು, ರಸ್ತೆಗಿಳಿದು ಬಸ್ಸಿನ ಪಕ್ಕದಲ್ಲೇ ನಡೆಯಬೇಕಾದಾಗ ನನಗೂ ಸಿಟ್ಟು ಬಂದಿದೆ. ಕುದಿಯುವ ಎಣ್ಣೆ ಬಾಣಲೆ ಮಕ್ಕಳ ಮುಖದ ಮಟ್ಟಕ್ಕೆ ಇರುತ್ತದೆ. ಸಂಜೆ ಮುಗಿದ ಮೇಲೆ ಎಂಜಲು ತಟ್ಟೆ ಚರಂಡಿಗೆ ಹೋಗುತ್ತದೆ, ಮೊದಲ ದೊಡ್ಡ ಮಳೆಗೆ ಆ ಚರಂಡಿ ರಸ್ತೆಗೆ ಬರುತ್ತದೆ. ಇದೆಲ್ಲ ನಿಜ. ಆದರೆ ಒಂದು ದಿನ ನೆಹರು ರಸ್ತೆ, ದುರ್ಗಿಗುಡಿ ಕಡೆ ನಡೆಯುತ್ತಾ ದಾರಿ ತಡೆದದ್ದು ಯಾವುದು ಅಂತ ಬೆರಳು ಮಡಚಿ ಎಣಿಸಿದೆ. ನಿಲ್ಲಿಸಿದ ಬೈಕು, ಅಂಗಡಿಯವರು ಹೊರಗೆ ಇಟ್ಟ ಬೊಂಬೆ ಮತ್ತು ಬೋರ್ಡು, ಆಮೇಲೆ ಗಾಡಿ. ಬೈಕಿನ ಲೆಕ್ಕಕ್ಕೆ ಎರಡು ಕೈ ಬೆರಳು ಸಾಲಲಿಲ್ಲ. ತೆರವು ಅಂತ ಬಂದಾಗ ಮೊದಲು ಲಾರಿ ಹತ್ತುವುದು ಮಾತ್ರ ಗಾಡಿ. ಎತ್ತೋದು ಸುಲಭ, ಕೇಳುವವರಿಲ್ಲ.

ತಿಂಡಿಯ ಶುದ್ಧತೆಯ ಮಾತಿಗೂ ಜಾಗಕ್ಕೂ ಸಂಬಂಧ ಇದೆ, ಅದನ್ನು ಯಾರೂ ಹೇಳೋದಿಲ್ಲ. ಗೋಬಿಯನ್ನೇ ತಗೊಳ್ಳಿ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ, ಬಾಂಬೆ ಮಿಠಾಯಿಗೆ ರೊಡಮೈನ್-ಬಿ ಹಾಕುವಂತಿಲ್ಲ ಅಂತ ಪ್ರಕಟಿಸಿದರು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಸರಿಯಿರಲಿಲ್ಲ. ಆಮೇಲೆ ಕಬಾಬ್ ಸರದಿ ಬಂತು, ಅದರ ಹಿಂದೆಯೇ ಪಾನಿಪುರಿ. ತಪ್ಪಿದರೆ ಏಳು ವರ್ಷ ಜೈಲು, ಹತ್ತು ಲಕ್ಷ ದಂಡದವರೆಗೂ ಹೋಗಬಹುದು. ರೊಡಮೈನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ, ಯಾವ ತಿಂಡಿಗೂ ಹಾಕುವ ಹಾಗಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಥರದವು ಕೆಲವು ತಿನಿಸಿಗೆ ಇಷ್ಟೇ ಅಂತ ಅಳತೆಯಲ್ಲಿ ಒಪ್ಪಿಗೆ ಇರುವಂಥವು, ಗೋಬಿಗಲ್ಲ. ನಿಷೇಧ ಸರಿಯೇ. ಮಕ್ಕಳು ತಿನ್ನುವ ಪದಾರ್ಥ ಅದು.

ಅದೇ ದಿನ, ಅದೇ ಮಾರ್ಚ್ 11ರಂದು, ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದಿತ್ತು. ಇಲ್ಲಿ ಕೆಂಪು ಬಣ್ಣದ ಡಬ್ಬಿ ಹಿಡಿದು ದಂಡದ ಮಾತು, ಅಲ್ಲಿ ದೇಶದ ಒಳ್ಳೆ ಕೆಂಪು ಮೆಣಸಿನಕಾಯಿ ಕೇಳುವವರಿಲ್ಲದೆ ಬಿದ್ದಿತ್ತು. ಹಾಗಾದರೆ ಬ್ಯಾಡಗಿ ಪುಡಿಯನ್ನೇ ಹಾಕಬಾರದಾ? ಹಾಕಬಹುದು, ಆದರೆ ಗೋಬಿಯವರು ಹೇಳುವ ಕಷ್ಟವೂ ಸುಳ್ಳಲ್ಲ. ಬ್ಯಾಡಗಿಯ ಕೆಂಪು ಎಣ್ಣೆಯಲ್ಲಿ ಕರಗುವ ಕೆಂಪು. ಹಿಟ್ಟಿಗೆ ಕಲಸಿ ಕಾದ ಎಣ್ಣೆಗೆ ಬಿಟ್ಟರೆ ಬಣ್ಣ ಎಣ್ಣೆಗೆ ಇಳಿಯುತ್ತದೆ, ಮೇಲಿಂದ ಬಿಸಿಗೆ ಕಂದು ತಿರುಗುತ್ತದೆ. ಪೊಟ್ಟಣದ ಬಣ್ಣ ನೀರಿನಲ್ಲಿ ಕರಗುವಂಥದ್ದು, ಹಿಟ್ಟನ್ನು ಬಿಡೋದೇ ಇಲ್ಲ. ಒಂದು ಚಿಟಿಕೆಗೆ ಒಂದು ಬುಟ್ಟಿ ಹೂಕೋಸು ಕೆಂಪು. ಬ್ಯಾಡಗಿ ಕೆಂಪು ಬೇಕಾದರೆ ಕಡೆಗೆ ಒಗ್ಗರಣೆಯ ಸಾಸಿಗೆ ಹಾಕಬೇಕು. ಅದಕ್ಕೆ ಪುಡಿ ಜಾಸ್ತಿ, ಹೊತ್ತು ಜಾಸ್ತಿ, ಕಾಸೂ ಜಾಸ್ತಿ.

ನಿಷೇಧದ ಮೇಲೆ ಕೆಲವು ದಿನ ಊರಲ್ಲಿ ಗೋಬಿ ಬೆಳ್ಳಗಾಯಿತು. ಗಿರಾಕಿಗಳು ಏನು ಮಾಡಿದರು? “ಏನಣ್ಣ, ಹಸಿ ಹಸಿ ಕಾಣ್ತೈತೆ, ಇನ್ನೂ ಸ್ವಲ್ಪ ಕರಿ” ಅಂದರು. ಬಣ್ಣ ಕೇಳುವ ಕಣ್ಣು ನಮ್ಮದು, ದಂಡ ಅವನಿಗೆ.

ಆದರೆ ನಾನು ಗಮನಿಸಿದ ಇನ್ನೊಂದು ಸಂಗತಿ ಇದೆ. ಒಂದೇ ಜಾಗದಲ್ಲಿ ಬಹಳ ವರ್ಷದಿಂದ ನಿಂತ ಗಾಡಿಗಳು ಬೇಗ ಬದಲಾದವು. ಜಾತ್ರೆಯಿಂದ ಜಾತ್ರೆಗೆ, ಇವತ್ತು ಇಲ್ಲಿ ನಾಳೆ ಅಲ್ಲಿ ಅನ್ನುವವರು ನಿಧಾನ. ಕಾರಣ ಸರಳ. ದಿನಾ ಅದೇ ಮುಖ ನೋಡಬೇಕಾದವನಿಗೆ ಭಯ ಇರುತ್ತದೆ. ಅಕ್ಕನ ಮಿರ್ಚಿ ತಿಂದು ನನಗೆ ಹೊಟ್ಟೆ ಕೆಟ್ಟರೆ ಮರುದಿನ ಹೋಗಿ ಜಗಳ ಆಡಬಹುದು, ಆ ಕಂಬ ನನಗೆ ಗೊತ್ತು. ನಾಳೆ ಎಬ್ಬಿಸ್ತಾರೋ ಏನೋ ಅನ್ನುವವನು ಸ್ಟೀಲಿನ ಕಟ್ಟೆ ಯಾಕೆ ಮಾಡಿಸುತ್ತಾನೆ, ಮುಚ್ಚಳ ಇರುವ ನೀರಿನ ಡ್ರಮ್ಮು ಯಾಕೆ ತರುತ್ತಾನೆ, ಗಾಜಿನ ಪೆಟ್ಟಿಗೆ ಯಾಕೆ ಹಾಕಿಸುತ್ತಾನೆ? ಲಾರಿ ಹತ್ತುವಾಗ ಮೊದಲು ಒಡೆಯೋದೇ ಗಾಜು.

ಎಣ್ಣೆಯದ್ದೂ ಇದೇ ಕಥೆ. ಕರಿದ ಎಣ್ಣೆ ಎಷ್ಟು ಕೆಟ್ಟರೆ ಬಿಸಾಡಬೇಕು ಅನ್ನೋದಕ್ಕೆ 2018ರಿಂದ ಅಳತೆ ಇದೆ, ಅದರಲ್ಲಿ ಹುಟ್ಟುವ ಕೆಟ್ಟ ಅಂಶ ಶೇ 25 ದಾಟಬಾರದು. ಅದನ್ನು ಅಳೆಯುವ ಯಂತ್ರ ಗಾಡಿಯಲ್ಲಿ ಇರುತ್ತಾ? ನೊರೆ, ಬಣ್ಣ, ಹೊಗೆ, ಮೂಗು ಇವೇ ಯಂತ್ರ. ಅದರ ಮೇಲೆ ಬೆಲೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ದೆಹಲಿಯಲ್ಲಿ ಅದು ಒಂದು ಸಾಲಿನ ಆದೇಶ. ಬಾಣಲೆ ಮುಂದೆ ನಿಂತವರಿಗೆ ಇವತ್ತಿನ ಎಣ್ಣೆ ನಾಳೆಗೂ ಇರಲಿ ಅನ್ನುವ ಆಸೆ.

ತಟ್ಟೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮಲೆನಾಡಿನವನು ಅನ್ನಿಸಿಕೊಳ್ಳಲ್ಲ. ನಮ್ಮ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುತ್ತದೆ, ಎಷ್ಟೋ ಹಳ್ಳಿಗಳಲ್ಲಿ ಹಾಳೆ ತಟ್ಟೆ ಮಾಡುವ ಯಂತ್ರ ಇದೆ. ಆದರೆ ಶಿವಮೊಗ್ಗದ ಗಾಡಿಯಲ್ಲಿ ಸಿಗೋದು ಒಳಗೆ ಪ್ಲಾಸ್ಟಿಕ್ ಮೆತ್ತಿದ ಕಾಗದದ ತಟ್ಟೆ, ಪಾರ್ಸೆಲ್‌ಗೆ ಹಳೇ ಪೇಪರ್. ಹಾಳೆ ತಟ್ಟೆ ದುಬಾರಿ, ಅಷ್ಟೇ. ಮದುವೆ ಮನೆಗೆ ಓಕೆ, ಮೂವತ್ತು ರೂಪಾಯಿ ಮಂಡಕ್ಕಿಗೆ ಆಗಲ್ಲ.

ಈಗ ದುಡ್ಡಿನ ಲೆಕ್ಕ, ಏಕೆಂದರೆ 2025ರ ಜುಲೈನಲ್ಲಿ ಇಡೀ ರಾಜ್ಯದ ಸಣ್ಣ ವ್ಯಾಪಾರಿಗಳ ನಿದ್ದೆ ಕೆಡಿಸಿದ್ದು ಇದೇ. ಯುಪಿಐ ಮೂಲಕ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಜನರಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬೇಯಿಸಿ ಬಡಿಸುವುದನ್ನು ಸಾಮಾನ್ಯವಾಗಿ ಸೇವೆ ಅಂತಲೇ ಹಿಡಿಯುತ್ತಾರೆ. 20 ಲಕ್ಷ ಅಂದರೆ ದೊಡ್ಡ ಮೊತ್ತದ ಹಾಗೆ ಕೇಳಿಸುತ್ತೆ ಅಲ್ವಾ? ಮೂವತ್ತು ರೂಪಾಯಿಯ ಪ್ಲೇಟಿನಲ್ಲಿ ಭಾಗಿಸಿ. ವರ್ಷಪೂರ್ತಿ ದಿನಕ್ಕೆ 183 ಪ್ಲೇಟ್. ಒಳ್ಳೆ ಮೂಲೆಯಲ್ಲಿ ನಿಂತ ಗೋಬಿ ಗಾಡಿಗೆ ಇದು ಅಸಾಧ್ಯ ಏನಲ್ಲ. ಸಣ್ಣವರಿಗೆ ಇರುವ ರಾಜಿ ತೆರಿಗೆಯಲ್ಲಿ (ಕಾಂಪೊಸಿಷನ್, ಅಂದರೆ ಒಟ್ಟು ಮಾರಾಟದ ಮೇಲೆ ಒಂದೇ ದರ) ಹೋಟೆಲ್ ಥರದ ವ್ಯಾಪಾರಕ್ಕೆ ಶೇ 5, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ. ಅಂದರೆ ದಿನಕ್ಕೆ ಒಂಬತ್ತು ಪ್ಲೇಟಿನ ದುಡ್ಡು ತೆರಿಗೆಗೆ. ಲಾಭದಲ್ಲಲ್ಲ, ಮಾರಾಟದಲ್ಲಿ.

ಅದರ ಮೇಲೆ, ಫೋನಿಗೆ ಬಂದದ್ದೆಲ್ಲ ಮಾರಾಟ ಅಲ್ಲ. ಮಗಳು ಕಳಿಸಿದ ದುಡ್ಡು, ಕೈಗಡ ವಾಪಸ್ ಬಂದದ್ದು, ಚೀಟಿ ಹಣ, ಪಕ್ಕದ ಗಾಡಿಯವನ ಫೋನು ಆಫ್ ಆದಾಗ ಇವರ ಕ್ಯೂಆರ್ ಕೋಡಿಗೆ ಹಾಕಿಸಿಕೊಂಡದ್ದು, ಎಲ್ಲ ಒಂದೇ ಹೊಳೆ. ನೋಟಿಸ್ ಸುದ್ದಿ ಬಂದ ವಾರ ಎಷ್ಟೋ ಗಾಡಿಗಳಲ್ಲಿ ಕ್ಯೂಆರ್ ಹಾಳೆ ಮಾಯ, ನಗದು ಮಾತ್ರ ಅನ್ನುವ ಕೈಬರಹದ ಬೋರ್ಡು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡೋದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಗಲಾಟೆ ತಣ್ಣಗಾಯಿತು. ನನಗೆ ಅದರಲ್ಲಿ ಕಂಡದ್ದು ಬೇರೆ. ಹನ್ನೊಂದು ವರ್ಷ ಸರ್ವೆಗೆ ಸರಿಯಾಗಿ ಸಿಗದ ಗಾಡಿಗಳು ನೋಟಿಸಿಗೆ ಎಷ್ಟು ಬೇಗ ಸಿಕ್ಕವು ನೋಡಿ.

ಸಾಲದ ಯೋಜನೆಗಳು ಇವೆ, ಇಲ್ಲ ಅನ್ನೋ ಹಾಗಿಲ್ಲ. ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಬಂತು. ಬೆಳಿಗ್ಗೆ ತಗೊಂಡು ಸಂಜೆ ಬಡ್ಡಿ ಸೇರಿಸಿ ಕೊಡುವ ಮೀಟರ್ ಬಡ್ಡಿಯಿಂದ ಬಿಡಿಸೋದು ಅದರ ಉದ್ದೇಶ. 2020ರ ಜೂನ್‌ನಲ್ಲಿ ಕೇಂದ್ರದ ಸ್ವನಿಧಿ ಬಂತು, ಮೊದಲ ಕಂತು 10,000, ತೀರಿಸಿದರೆ 20,000, ಆಮೇಲೆ 50,000. 2025ರ ಆಗಸ್ಟ್‌ನಲ್ಲಿ ಮೊದಲೆರಡನ್ನು 15,000 ಮತ್ತು 25,000 ಮಾಡಿ 2030ರವರೆಗೆ ಮುಂದುವರಿಸಿದರು. ಒಳ್ಳೆಯದೇ. ಆದರೆ ಸಾಲಕ್ಕೂ ನೀವು ವ್ಯಾಪಾರಿ ಅನ್ನುವ ಕಾಗದ ಬೇಕು, ಇಲ್ಲ ಶಿಫಾರಸು ಪತ್ರ ಬೇಕು. ಸಾಲ ತಗೊಂಡ ಮರುತಿಂಗಳು ಜಾಗ ಹೋದರೆ ಕಂತು ನಿಲ್ಲೋದಿಲ್ಲ.

ಇನ್ನು ನಮ್ಮ ಮಳೆ. ಹೊರಗಿನವರು ಮಲೆನಾಡಿನ ಮಳೆ, ಬಿಸಿ ಬಜ್ಜಿ ಅಂತ ಫೋಟೊ ಹಾಕುತ್ತಾರೆ. ಗಾಡಿಯವರನ್ನು ಕೇಳಿ. ಸಂಜೆ ಒಂದು ಸೋನೆ ಬಂದು ಹೋದರೆ ಹಬ್ಬ. ಪುನರ್ವಸು, ಪುಷ್ಯದ ಜಡಿ ಹಿಡಿದರೆ ಮನೆಯಿಂದ ಯಾರೂ ಹೊರಗೇ ಬರೋದಿಲ್ಲ, ಕಲಸಿದ ಹಿಟ್ಟು ಹುಳಿ ಬರುತ್ತದೆ, ಮಂಡಕ್ಕಿ ಮೂಟೆಯಲ್ಲೇ ಮೆತ್ತಗಾಗುತ್ತದೆ. ಮೆತ್ತಗಾದ ಮಂಡಕ್ಕಿಗೆ ಔಷಧಿ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅವರ ಲೆಕ್ಕವೇ ಬೇರೆ. ವರ್ಷದ 365 ದಿನ ಅಂತ ನಾನು ಮೇಲೆ ಮಾಡಿದ ಭಾಗಾಕಾರ ಇಲ್ಲಿ ತಪ್ಪುತ್ತದೆ, ಆದರೆ ಆ ತಿಂಗಳಿಗೂ ಸಾಲದ ಕಂತು ಇದ್ದೇ ಇರುತ್ತದೆ.

ಹಾಗಾದರೆ ಏನು ಮಾಡಬಹುದು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಯೋಜನೆ ಇಲ್ಲ. ಕಾಯ್ದೆಯಲ್ಲೇ ಹೊತ್ತು ಹಂಚಿಕೊಂಡು ವ್ಯಾಪಾರ ಮಾಡುವ ದಾರಿ ಇದೆ, ಅದನ್ನು ಬಳಸಿದರೆ ಸಾಕು. ಬ್ಯಾಂಕು, ಕಚೇರಿ ಮುಂದಿನ ಅಂಗಳ ಸಂಜೆ ಆರರ ಮೇಲೆ ಖಾಲಿ ಬಿದ್ದಿರುತ್ತದೆ. ಬೆಳಿಗ್ಗೆ ಬೈಕಿಗೆ, ಸಂಜೆ ಗಾಡಿಗೆ. ನೆಲದ ಮೇಲೆ ಒಂದು ಹಳದಿ ಗೆರೆ ಎಳೆದು, ನಡೆಯುವವರಿಗೆ ಇಷ್ಟು, ಗಾಡಿಗೆ ಇಷ್ಟು ಅಂತ ಬಿಟ್ಟು, ನಾಲ್ಕು ಗಾಡಿಗೆ ಒಂದು ನಲ್ಲಿ, ಒಂದು ಕಸದ ಡಬ್ಬಿ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ರಸ್ತೆ ಅಗೆದಾಗ ಕೇಬಲ್ಲು, ಪೈಪು ಎಲ್ಲದಕ್ಕೂ ನಕ್ಷೆಯಲ್ಲಿ ಜಾಗ ಇತ್ತು. ನಲ್ಲಿಯ ನೀರು ಜನ ಇಲ್ಲದ ಹಿಂದಿನ ರಸ್ತೆಗೆ ಬರುತ್ತೆ ಅಂದರೆ ಜನ ಇರುವ ರಸ್ತೆಗೂ ಬಂದೀತು. ಗಾಡಿಯನ್ನು ನೀರಿದ್ದಲ್ಲಿಗೆ ತಳ್ಳೋದರ ಬದಲು ನೀರನ್ನು ಗಾಡಿಯಿದ್ದಲ್ಲಿಗೆ ತರೋದು, ಇದಕ್ಕೆ ತಜ್ಞರ ಸಮಿತಿ ಬೇಕಾಗಲ್ಲ.

ಮೊನ್ನೆ ಇದನ್ನು ಬರೆಯಬೇಕು ಅಂತ ಅಂದುಕೊಂಡಾಗ ಅಕ್ಕನನ್ನು ಕೇಳಿದೆ, ನಿಮ್ಮ ಹತ್ತಿರ ವ್ಯಾಪಾರದ್ದು ಅಂತ ಏನಾದರೂ ಕಾಗದ ಇದೆಯಾ ಅಂತ. ಮಂಡಕ್ಕಿ ಡಬ್ಬದ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಎಣ್ಣೆ ಕೈ ತಾಗದಂತೆ ಸೆರಗಿನಿಂದ ಹಿಡಿದು ಬಿಚ್ಚಿದರು. ರಬ್ಬರ್ ಬ್ಯಾಂಡ್ ಹಾಕಿದ ಸುಂಕದ ಚೀಟಿಗಳ ಕಟ್ಟು, ಆಧಾರ್ ಜೆರಾಕ್ಸ್ ನಾಲ್ಕು, ಸ್ವಸಹಾಯ ಸಂಘದ ಪಾಸ್‌ಬುಕ್, ಯಾವಾಗಲೋ ತೆಗೆಸಿದ ಪಾಸ್‌ಪೋರ್ಟ್ ಸೈಜ್ ಫೋಟೊಗಳು.

“ಇಷ್ಟೇ ಸಾರ್. ನೀವ್ ಹೇಳೋದು ಇದ್ರಲ್ಲಿ ಯಾವ್ದು?”

ಯಾವುದೂ ಅಲ್ಲ ಅಂದೆ. ಫೋಟೊ ಇನ್ನೂ ಎರಡು ಉಳಿದಿದಾವೆ, ಬೇಕಾದ್ರೆ ಆಗುತ್ತಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ಕವರ್ ಮಡಚಿ ಒಳಗಿಟ್ಟರು. ಬಸ್ಸು ಬಂದಿತ್ತು. ಗಾರ್ಮೆಂಟ್ಸ್ ಹುಡುಗಿಯೊಬ್ಬಳು ಎರಡು ಪಾರ್ಸೆಲ್ ಅಂದಳು, ಒಂದಕ್ಕೆ ಖಾರ ಕಡಿಮೆ.